ಎರಡಿಂಚು ಮರ

ಕೊರೊನಾ ಮುಗಿದ ಎರಡನೇ ವರ್ಷದ ಮಾತು. ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತೊಂದು ವರ್ಷ ಆರ್ಮರರ್ ಆಗಿ, ಅಂದರೆ ಬಂದೂಕು ರಿಪೇರಿಯವನಾಗಿ ದುಡಿದು ನಿವೃತ್ತನಾಗಿದ್ದ ನಾನು, ಆಗ ಕಡಕೊಳದಾಚೆ ಒಂದು ಖಾಸಗಿ ಶೂಟಿಂಗ್ ರೇಂಜಿನಲ್ಲಿ ಗನ್ ಫಿಟ್ಟರ್ ಆಗಿ ಸೇರಿದ್ದೆ. ಗನ್ ಫಿಟ್ಟರ್ ಎಂದರೆ ದರ್ಜಿ ಇದ್ದ ಹಾಗೆ. ದರ್ಜಿ ಅಂಗಿಗೆ ಅಳತೆ ತೆಗೆದರೆ ನಾನು ಬಂದೂಕಿನ ಹಿಂಬದಿಯ ಮರಕ್ಕೆ ಅಳತೆ ತೆಗೆಯುತ್ತೇನೆ. ಭುಜಕ್ಕೆ ಒತ್ತಿಕೊಳ್ಳುವ ಆ ಮರಕ್ಕೆ ಸ್ಟಾಕ್ ಎಂದು ಹೆಸರು. ಅದು ಅರ್ಧ ಇಂಚು ಉದ್ದವಾದರೂ ಗುರಿ ಕೆಡುತ್ತದೆ, ಕೆನ್ನೆ ಬಾತುಕೊಳ್ಳುತ್ತದೆ.

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹಳ್ಳದಲ್ಲಿ ಕೂರಿಸಿದ ಯಂತ್ರವೊಂದು ಅಂಗೈಯಗಲದ ಮಣ್ಣಿನ ತಟ್ಟೆಯನ್ನು ಬಸ್ಸಿಗಿಂತ ಜೋರಾಗಿ ಆಕಾಶಕ್ಕೆ ಎಸೆಯುತ್ತದೆ. ಯಾವ ದಿಕ್ಕಿಗೆ ಎಂದು ಮೊದಲೇ ಗೊತ್ತಿರುವುದಿಲ್ಲ. ಎರಡು ನಳಿಗೆಯ ಬಂದೂಕಿನಿಂದ ಅದನ್ನು ಒಡೆಯಬೇಕು. ಇದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಒಂದು ತಟ್ಟೆಗೆ ಎರಡು ಗುಂಡು ಹಾರಿಸಲು ಅವಕಾಶವಿದೆ. ಮೊದಲನೆಯದು ತಪ್ಪಿದರೆ ಎರಡನೆಯದರಲ್ಲಿ ಒಡೆದರೂ ಪೂರ್ತಿ ಅಂಕ. ಈ ಎರಡನೇ ಗುಂಡಿನ ವಿಷಯ ಓದುಗರು ನೆನಪಿಟ್ಟುಕೊಳ್ಳಬೇಕು.

ನಮ್ಮ ರೇಂಜಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ದುಡ್ಡಿದ್ದವರು. ಇಪ್ಪತ್ತೈದರಲ್ಲಿ ಹತ್ತು ತಟ್ಟೆ ಒಡೆಯಲಾಗದವನೂ ಬಂದು, ಇಟಲಿಯ ಗನ್ ತಗೊಳ್ಳಲೋ ಜರ್ಮನಿಯದೋ ಎಂದು ಗಂಟೆಗಟ್ಟಲೆ ಚರ್ಚೆ ಮಾಡುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವರ ಮುಂದೆ ಹಲ್ಲು ಕಿರಿದು ಹಿಂದಿನಿಂದ ಆಡಿಕೊಳ್ಳುತ್ತಿದ್ದೆ. ನನ್ನ ನಾಲಿಗೆ ಒಳ್ಳೆಯದಲ್ಲ. ದೊಡ್ಡವರ ಮುಂದೆ ಬಾಲ ಅಲ್ಲಾಡಿಸುತ್ತದೆ, ಉಳಿದವರನ್ನು ಕಚ್ಚುತ್ತದೆ. ಇದನ್ನು ಈಗಲೇ ಹೇಳುತ್ತಿದ್ದೇನೆ, ಮುಂದೆ ಓದುವಾಗ ನನ್ನನ್ನು ಸಜ್ಜನ ಎಂದುಕೊಂಡು ಯಾರೂ ಮೋಸಹೋಗಬಾರದು.

ಆ ರೇಂಜಿನಲ್ಲಿ ನಿಜವಾಗಿ ಗುರಿ ಹೊಡೆಯುತ್ತಿದ್ದವಳು ಒಬ್ಬಳೇ, ಸುಜಾತ. ಅಶೋಕಪುರಂನವಳು, ಇಪ್ಪತ್ತನಾಲ್ಕು ವರ್ಷ, ಐದಡಿ ಒಂದಿಂಚು ಎತ್ತರ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದಳು. ನಮ್ಮಲ್ಲಿಗೆ ಬಂದದ್ದು ಶೂಟರ್ ಆಗಿ ಅಲ್ಲ, ಯಂತ್ರದ ಗುಂಡಿ ಒತ್ತಿ ಸ್ಕೋರು ಬರೆಯುವ ಕೆಲಸಕ್ಕೆ. ಸಂಜೆ ಸದಸ್ಯರು ಹೋದ ಮೇಲೆ ಮಿಕ್ಕ ಕಾರ್ಟ್ರಿಜ್, ಅಂದರೆ ತೋಟಾ, ಇಟ್ಟುಕೊಂಡು ರೇಂಜಿನ ಹಳೇ ಗನ್ನಿನಲ್ಲಿ ಹೊಡೆಯುತ್ತಿದ್ದಳು. ಆ ಗನ್ನಿನ ಕೀಲು ಅಲುಗಾಡುತ್ತಿತ್ತು, ಸ್ಟಾಕಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಅದರಲ್ಲೇ ಅಭ್ಯಾಸ ಮಾಡಿ ಎರಡು ವರ್ಷದೊಳಗೆ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ, ನುರಿತ ಶೂಟರ್ ಎನ್ನಿಸಿಕೊಳ್ಳಲು ನಿಗದಿಯಾದ ಸ್ಕೋರು ಮುಟ್ಟಿದಳು. ರೇಂಜಿನ ಮಾಲೀಕರು ಅವಳ ಫೋಟೋ ದೊಡ್ಡದು ಮಾಡಿಸಿ ಗೇಟಿನ ಹತ್ತಿರ ಹಾಕಿಸಿದರು.

ಮಾಲೀಕರ ಹೆಸರು ನಾಗಭೂಷಣ್. ಕಡಕೊಳದಲ್ಲಿ ಫ್ಯಾಕ್ಟರಿ. ನಾವೆಲ್ಲ ಯಜಮಾನ್ರು ಎನ್ನುತ್ತಿದ್ದೆವು. ಅವರಿಗೆ ಒಬ್ಬನೇ ಮಗ, ನಿಶ್ಚಲ್. ಆರಡಿ ಎರಡಿಂಚು. ಹುಡುಗ ಕೆಟ್ಟವನಲ್ಲ, ಆದರೆ ಗುರಿ ಇಲ್ಲ. ಇಲ್ಲೊಂದು ಕಾನೂನು ಅಡ್ಡ ಬರುತ್ತದೆ. ವಿದೇಶದ ಉತ್ತಮ ದರ್ಜೆಯ ಸ್ಪರ್ಧಾ ಬಂದೂಕನ್ನು ದುಡ್ಡಿದೆ ಎಂದು ಯಾರು ಬೇಕಾದರೂ ತರಿಸುವಂತಿಲ್ಲ. ಆ ನಿಗದಿತ ಸ್ಕೋರು ಹೊಡೆದವರ ಹೆಸರಿಗೇ ಅನುಮತಿ, ಅವರದೇ ಲೈಸೆನ್ಸು. ನಿಶ್ಚಲ್ ಆ ಸ್ಕೋರಿನ ಹತ್ತಿರವೂ ಇರಲಿಲ್ಲ. ಸುಜಾತಳಿಗೆ ಅದಿತ್ತು, ಬಂದೂಕು ಕೊಳ್ಳುವ ಶಕ್ತಿ ಇರಲಿಲ್ಲ.

ಒಂದು ಭಾನುವಾರ ಯಜಮಾನ್ರು ಎಲ್ಲರೆದುರಿಗೆ, ಸುಜಾತಳಿಗೆ ರೇಂಜಿನ ವತಿಯಿಂದ ಹೊಸ ಗನ್ ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ಹೊಡೆದೆವು. ಯಾವುದು ಕೊಳ್ಳಬೇಕು ಎಂದು ನೋಡಿ ಹೇಳುವ ಕೆಲಸ ನನ್ನದು.

ಬೆಂಗಳೂರಿನ ಇಬ್ಬರು ಹಿರಿಯ ಶೂಟರ್‌ಗಳು ಆ ವಾರ ಅಭ್ಯಾಸಕ್ಕೆ ಬಂದಿದ್ದರು. ಅವರಿಬ್ಬರ ಗನ್ನುಗಳೇ ಪರೀಕ್ಷೆಗೆ ಸಿಕ್ಕವು. ಎರಡೂ ಇಟಲಿಯವು, ಎರಡೂ ಹನ್ನೆರಡು ಬೋರ್. ಒಂದು ಮೂವತ್ತೆರಡಿಂಚಿನ ನಳಿಗೆಯದು, ತೂಕದ್ದು, ಮೂತಿ ಭಾರ. ಉದ್ದ ತೋಳಿನವನ ಕೈಯಲ್ಲಿ ಅದು ತಟ್ಟೆಯ ಹಿಂದೆ ಸರಾಗವಾಗಿ ಸಾಗುತ್ತದೆ. ಇನ್ನೊಂದಕ್ಕೆ ಮೂವತ್ತಿಂಚಿನ ನಳಿಗೆ, ತೂಕವೆಲ್ಲ ಎರಡು ಕೈಗಳ ನಡುವೆ ಕೂತಿತ್ತು. ಸಣ್ಣ ಆಳು ಥಟ್ಟನೆ ತಿರುಗಿಸಬಹುದು. ಸುಜಾತ ಮೊದಲನೆಯದರಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಹೊಡೆದಳು. ಎರಡನೆಯದರಲ್ಲಿ ಇಪ್ಪತ್ತನಾಲ್ಕು. ತಪ್ಪಿದ ಒಂದಕ್ಕೂ ತಾನೇ ಕಾರಣ ಹೇಳಿದಳು, ನಗು ಬಂದು ಸ್ಟಾಕಿನಿಂದ ಕೆನ್ನೆ ಎತ್ತಿಬಿಟ್ಟೆ ಅಂತ. ಸುಮ್ಮನೆ ಎಂಬಂತೆ ನಿಶ್ಚಲ್ ಕೂಡ ಎರಡನ್ನೂ ಹಿಡಿದು ನೋಡಿದ. ಅವನಿಗೆ ಉದ್ದದ್ದೇ ಹಿಡಿಸಿತು.

ಅಂದು ಅವಳ ಅಳತೆ ತೆಗೆದೆ. ಮೊಣಕೈ ಮಡಿಸಿ, ಮಡಿಕೆಗೆ ಸ್ಟಾಕಿನ ತುದಿ ಆನಿಸಿ, ತೋರುಬೆರಳು ಕುದುರೆಯ ಮೇಲೆ ಎಲ್ಲಿ ಕೂರುತ್ತದೆ ನೋಡಬೇಕು. ಟ್ರಿಗರಿಗೆ ನಾವು ಹಳಬರು ಕುದುರೆ ಎನ್ನುತ್ತೇವೆ. ಅಲ್ಲಿಂದ ಸ್ಟಾಕಿನ ತುದಿಗೆ ಹದಿಮೂರೂವರೆ ಇಂಚು ಬಂತು. ಅವಳ ತಂದೆ ಸಿದ್ದರಾಜು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದು ನಿವೃತ್ತರಾದ ಮನುಷ್ಯ. ನಾನು ಬಾಯಲ್ಲಿ ಹೇಳಿದ ಒಂದೊಂದು ಅಳತೆಯನ್ನೂ ಅವರು ಬೀಡಿ ಕಟ್ಟಿನ ಹಿಂದೆ ಬರೆದುಕೊಂಡರು.

ಮಾರನೇ ದಿನ ಯಜಮಾನ್ರು ನನ್ನನ್ನು ಆಫೀಸಿಗೆ ಕರೆದು ಆರ್ಡರ್ ಫಾರ್ಮ್ ಮುಂದಿಟ್ಟರು.

"ಹೆಸರು ಅವಳದು ಬರೀರಿ ರಾಜಣ್ಣ. ಉದ್ದ ನಳಿಗೆದು ಹಾಕಿ. ಅಳತೆ ನಿಶ್ಚಲ್‌ದು."

ಅವಳಿಗೆ ಒಂದು ಮಾತು ಹೇಳುವುದು ಬೇಡವೇ ಎಂದು ಕೇಳಿದೆ. ಕೇಳಿದ್ದು ಅವಳಿಗಾಗಿ ಅಲ್ಲ, ಮುಂದೆ ಗಲಾಟೆಯಾದರೆ ನಾನು ಕೇಳಿದ್ದೆ ಎನ್ನಲು ಬೇಕಿತ್ತು. ಯಜಮಾನ್ರು ನಕ್ಕರು. "ಹೇಳೋದೇನು? ಅವಳದೇ ಲೈಸೆನ್ಸು, ಅವಳದೇ ಗನ್ನು. ನಮ್ಮ ಹುಡುಗ ಹೊಡ್ಕೋತಾನೆ ಅಷ್ಟೆ."

ನಾನು ಬರೆದೆ. ಹೆಸರಿನ ಕಾಲಮ್ಮಿನಲ್ಲಿ ಸುಜಾತ, ಉದ್ದದ ಕಾಲಮ್ಮಿನಲ್ಲಿ ಹದಿನೈದೂವರೆ. ನನ್ನ ಅಕ್ಷರ ಚೆನ್ನಾಗಿದೆ, ಇಲಾಖೆಯಲ್ಲೂ ಅದಕ್ಕೆ ಹೆಸರಿತ್ತು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಪಿಂಚಣಿ ಬರುತ್ತಿತ್ತು, ಬೋಗಾದಿಯಲ್ಲಿ ಸ್ವಂತ ಮನೆ ಇತ್ತು. ಆ ವರ್ಕ್‌ಶಾಪು, ಆ ಕುರ್ಚಿ, ಯಜಮಾನ್ರು ನಾಲ್ಕು ಜನರ ಮುಂದೆ ರಾಜಣ್ಣ ಎಂದು ಕರೆಯುವುದು, ಇವನ್ನು ಬಿಡಲು ಮನಸ್ಸಿರಲಿಲ್ಲ, ಅಷ್ಟೇ ಕಾರಣ.

ಗನ್ ತಯಾರಾಗಿ ಬರಲು ಎಂಟು ತಿಂಗಳು. ಆ ಎಂಟು ತಿಂಗಳು ಸುಜಾತ ವಾರಕ್ಕೊಮ್ಮೆಯಾದರೂ ನನ್ನ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದು ದಿನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಬೀಡಿ ಕಟ್ಟಿನ ಹಿಂದೆ ಬರೆದುಕೊಂಡ ಅಳತೆಯಿಂದ ಅವಳಪ್ಪ ಮರದ ಬಂದೂಕೊಂದನ್ನು ಮಾಡಿಕೊಟ್ಟಿದ್ದರು. ತೂಕ ಬರಲೆಂದು ಒಳಗೆ ಕಬ್ಬಿಣದ ಸರಳು ತುಂಬಿದ್ದರು. ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ ಕನ್ನಡಿ ಮುಂದೆ ನಿಂತು ಅದನ್ನು ಭುಜಕ್ಕೆ ಏರಿಸುತ್ತಿದ್ದಳಂತೆ. ನಿಜವಾದ ಗನ್ ಬಂದ ದಿನ ಕೈಗೆ ಹೊಸದು ಅನ್ನಿಸಬಾರದು ಎಂದು. ಆ ಮರದ ಗನ್ನಿನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚೆನ್ನಾಗಿದೆ, ಬಿಡದೆ ಮಾಡಮ್ಮ ಎಂದೆ. ಆ ಮಾತು ಹೇಳುವಾಗ ನನಗೆ ಒಂದು ಥರದ ಮೋಜೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಗನ್ ಬಂದಿದ್ದು ಆಯುಧಪೂಜೆಯ ಹಿಂದಿನ ದಿನ. ಯಜಮಾನ್ರು ಪೂಜೆಯ ದಿನವೇ ಕೊಡುವ ಕಾರ್ಯಕ್ರಮ ಇಟ್ಟರು. ರೇಂಜಿನ ಬಂದೂಕುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಚೆಂಡುಹೂವು ಹಾಕಿದ್ದೆವು, ನಡುವೆ ಹೊಸದು. ಬೂದುಗುಂಬಳ ಒಡೆದದ್ದೂ ಆಯಿತು. ಸಿದ್ದರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಬಂದಿದ್ದರು. ಪೇಪರಿನ ಫೋಟೋಗ್ರಾಫರ್ ಒಬ್ಬ ಬಂದಿದ್ದ. ಮೇಡಂ, ಗುರಿ ಇಡೋ ಹಾಗೆ ಒಂದು ಕೊಡಿ ಎಂದ.

ಸುಜಾತ ಗನ್ ಎತ್ತಿ ಭುಜಕ್ಕೆ ತಂದಳು. ಸಾವಿರಾರು ಸಲ ಮಾಡಿದ ಅದೇ ಚಲನೆ. ಸ್ಟಾಕು ಭುಜಕ್ಕೆ ಏರಲಿಲ್ಲ, ಕಂಕುಳಿಗೆ ಸಿಕ್ಕಿಹಾಕಿಕೊಂಡಿತು. ಇನ್ನೊಮ್ಮೆ ತಂದಳು, ಮತ್ತೆ ಅದೇ. ಮೂರನೇ ಸಲ ತೋಳು ಪೂರ್ತಿ ಚಾಚಿ ಹೇಗೋ ಕೂರಿಸಿಕೊಂಡಾಗ ಬೆರಳ ತುದಿ ಕುದುರೆಗೆ ಬರೀ ತಾಗುತ್ತಿತ್ತು, ಮೂತಿ ನೆಲಕ್ಕೆ ಬಾಗುತ್ತಿತ್ತು. ಜನರಲ್ಲಿ ಒಂದಿಬ್ಬರು ಕಿಸಕ್ಕೆಂದರು. ಅವಳು ತಿರುಗಿ ನನ್ನನ್ನು ನೋಡಿದಳು. ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು.

"ಸರಿಯಾಗಿ ಊಟ ಮಾಡಮ್ಮ, ಬೆಳೀತೀಯ" ಎಂದೆ. ಇಡೀ ರೇಂಜು ಗೊಳ್ಳೆಂದು ನಕ್ಕಿತು. ಯಜಮಾನ್ರು ಎಲ್ಲರಿಗಿಂತ ಜೋರಾಗಿ ನಕ್ಕರು.

ನಗು ಅಡಗಿದ ಮೇಲೆ ಸಿದ್ದರಾಜು ಮುಂದೆ ಬಂದರು. ಮಗಳ ಕೈಯಿಂದ ಗನ್ ತೆಗೆದುಕೊಳ್ಳಲಿಲ್ಲ, ಅವಳ ಕೈಯಲ್ಲಿರುವಾಗಲೇ ಕುದುರೆಯಿಂದ ಸ್ಟಾಕಿನ ತುದಿಗೆ ಗೇಣು ಹಾಕಿದರು. ಒಂದು ಗೇಣು, ಆಮೇಲೆ ಬೆರಳು. ಮರದ ಕೆಲಸದಲ್ಲಿ ನಲವತ್ತು ವರ್ಷ ಕಳೆದ ಕೈಗೆ ಟೇಪು ಬೇಕಾಗಲಿಲ್ಲ.

"ಇದು ನನ್ ಮಗಳ ಅಳತೆ ಅಲ್ಲ ಸಾರ್" ಎಂದರು. ಹೇಳಿದ್ದು ಯಜಮಾನ್ರಿಗಲ್ಲ, ನನಗೆ.

ಕಂಪನಿಯವರು ಏನೋ ತಪ್ಪು ಮಾಡಿರಬೇಕು ಎಂದೆ. ಅಷ್ಟರಲ್ಲಿ ಯಜಮಾನ್ರು, ಉದ್ದ ಆದರೆ ಬೇಜಾರಿಲ್ಲ, ನಿಶ್ಚಲ್‌ಗೆ ಸರಿಹೋಗಬಹುದು, ನೋಡೋಣ ಎಂದರು. ನಿಶ್ಚಲ್ ಗನ್ ಎತ್ತಿಕೊಂಡ. ಅದು ಅವನ ಭುಜಕ್ಕೆ ಹೋಗಿ ಕೂತಿತು, ಹೊಲಿಸಿದ ಕೋಟಿನ ಹಾಗೆ. ಅಲ್ಲಿದ್ದ ಒಬ್ಬರಿಗೂ ಅರ್ಥವಾಗದೆ ಉಳಿಯಲಿಲ್ಲ. ಫೋಟೋಗ್ರಾಫರ್ ಅದನ್ನೂ ಒಂದು ತೆಗೆದುಕೊಂಡ. ಸುಜಾತ ಅಳಲಿಲ್ಲ, ಅಮ್ಮನ ಕೈ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಪ್ರಸಾದದ ಪೊಟ್ಟಣ ಮೇಜಿನ ಮೇಲೇ ಉಳಿಯಿತು.

ಸೋಮವಾರ ರೇಂಜಿಗೆ ರಜೆ. ಮುಂದಿನ ಸೋಮವಾರ ನಾನೊಬ್ಬನೇ ವರ್ಕ್‌ಶಾಪಿನಲ್ಲಿ ಕೂತಿದ್ದಾಗ ತಂದೆ ಮಗಳು ಬಂದರು. ಅವಳ ಕೈಯಲ್ಲಿ ಲೈಸೆನ್ಸ್ ಪುಸ್ತಕ, ಅವರ ಕೈಯಲ್ಲಿ ಒಂದು ಚೀಲ. ಪುಸ್ತಕ ತೆರೆದು ನನ್ನ ಮುಂದಿಟ್ಟು ಗನ್ ತೆಗೆದುಕೊಡಿ ಎಂದಳು. ಲೈಸೆನ್ಸ್‌ದಾರರು ಕೇಳಿದರೆ ಇಲ್ಲ ಎನ್ನುವ ಅಧಿಕಾರ ನನಗಿಲ್ಲ. ಬೀರುವಿನಿಂದ ತೆಗೆದು ಕೊಟ್ಟೆ. ಅವಳು ಅದನ್ನು ಬಿಚ್ಚಿ, ಸ್ಟಾಕನ್ನು ಮಾತ್ರ ನನ್ನ ಕಡೆ ತಳ್ಳಿದಳು. ಸಿದ್ದರಾಜು ಚೀಲದಿಂದ ಸಣ್ಣ ಹಲ್ಲಿನ ಗರಗಸ ತೆಗೆದು ಪಕ್ಕದಲ್ಲಿಟ್ಟರು.

"ಎರಡಿಂಚು" ಎಂದಳು.

ನಿಮ್ಮ ತಂದೆಯವರೇ ಚೆನ್ನಾಗಿ ಮಾಡುತ್ತಾರಲ್ಲ ಎಂದೆ. ನಿಜಕ್ಕೂ ಅವರು ನನಗಿಂತ ಚೆನ್ನಾಗಿ ಮಾಡುತ್ತಿದ್ದರು.

"ಅಳತೆ ತಗೊಂಡೋರು ನೀವು, ತಪ್ಪು ಬರೆದೋರೂ ನೀವು. ನೀವೇ ಕುಯ್ದುಬುಡಿ ಸರ್."

ನಾನು ಯಜಮಾನ್ರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರಿಗೆ ದಾರಿಯಿರಲಿಲ್ಲ. ನನ್ನ ಗನ್ ಹಾಳು ಮಾಡುತ್ತಿದ್ದಾಳೆ ಎಂದು ದೂರು ಕೊಟ್ಟರೆ, ಅದು ನಿಮ್ಮದು ಹೇಗಾಯಿತು ಎಂದು ಪೊಲೀಸರು ಮೊದಲು ಅವರನ್ನೇ ಕೇಳುತ್ತಾರೆ. "ಲೈಸೆನ್ಸು ಅವಳದು. ಹೇಳಿದ ಹಾಗೆ ಮಾಡಿಕೊಡಿ" ಎಂದು ಫೋನ್ ಇಟ್ಟರು.

ತುದಿಯ ರಬ್ಬರ್ ಪ್ಯಾಡ್ ಬಿಚ್ಚಿದೆ. ಮರ ಸಿಗಿಯದಿರಲೆಂದು ಸುತ್ತ ಟೇಪು ಸುತ್ತಿ ಗೆರೆ ಎಳೆದೆ. ಆ ಮರ ವಾಲ್‌ನಟ್. ಕಪ್ಪು ಕಂದು ಎಳೆಗಳು ಹೊಗೆಯ ಹಾಗೆ ಹರಿದಿದ್ದವು. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಮರ ಮುಟ್ಟಿರಲಿಲ್ಲ. ಗರಗಸ ಗೆರೆ ಬಿಟ್ಟು ಅತ್ತಿತ್ತ ಸರಿಯುತ್ತಿತ್ತು. ಸಿದ್ದರಾಜು ನನ್ನ ಎದುರು ಕೂತು, ಗೆರೆಯಿಂದ ಕಣ್ಣು ಕೀಳದೆ, ಒಂದೆರಡು ಸಲ ನೆಟ್ಟಗೆ ಸಾರ್, ನೆಟ್ಟಗೆ ಎಂದರು, ಹೊಸಬನಿಗೆ ಹೇಳುವ ಹಾಗೆ. ತುಂಡು ಬಿತ್ತು. ಪ್ಯಾಡ್ ಮತ್ತೆ ಕೂರಿಸಿ, ಅಂಚು ಉಜ್ಜಿ ಕೊಟ್ಟೆ. ಅವಳು ಭುಜಕ್ಕೆ ಏರಿಸಿದಳು. ಕೂತಿತು. ನಳಿಗೆ ಉದ್ದದ್ದೇ ಆದ್ದರಿಂದ ಈಗ ಮೂತಿ ಇನ್ನೂ ಭಾರ, ಆದರೂ ಕೂತಿತು. ತಂದೆ ಮಗಳು ಗನ್ ತೆಗೆದುಕೊಂಡು ಹೋಗಿ ಪೇಟೆಯ ಬಂದೂಕು ಡೀಲರ್ ಹತ್ತಿರ ಜೋಪಾನಕ್ಕೆ ಇಟ್ಟರು.

ಅಂದಿನಿಂದ ನನಗೆ ಅವಳ ಮೇಲೆ ಒಂದು ಹಗೆ ಹುಟ್ಟಿತು. ತಪ್ಪು ನನ್ನದು ಎಂದು ಗೊತ್ತಿದ್ದೇ ಹುಟ್ಟಿದ ಹಗೆ. ಬಡಗಿಯ ಮುಂದೆ ನನ್ನನ್ನು ಕೆಲಸ ಕಲಿಯುವವನ ಹಾಗೆ ಕೂರಿಸಿದಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಯಜಮಾನ್ರು ಕೂಗಾಡುವ ಪೈಕಿಯಲ್ಲ. ಒಂದೇ ವಾರದಲ್ಲಿ ಸ್ಕೋರು ಬರೆಯುವ ಕೆಲಸಕ್ಕೆ ಬೇರೆ ಜನ ಬಂದರು. ರೇಂಜು ಸದಸ್ಯರಿಗೆ ಮಾತ್ರ ಎಂಬ ಬೋರ್ಡು ಬಂತು. ಗೇಟಿನ ಫೋಟೋ ಇಳಿಯಿತು. ಅಲ್ಲಿಗೆ ಸುಜಾತಳ ಹತ್ತಿರ ಭುಜಕ್ಕೆ ಸರಿಯಾದ ಒಳ್ಳೆಯ ಬಂದೂಕಿತ್ತು, ಅಭ್ಯಾಸಕ್ಕೆ ಜಾಗವಿರಲಿಲ್ಲ, ಕಾರ್ಟ್ರಿಜ್ ಇರಲಿಲ್ಲ. ಉಳಿದದ್ದು ಒಂದೇ ದಾರಿ, ರಾಜ್ಯ ಚಾಂಪಿಯನ್‌ಷಿಪ್. ಅದರಲ್ಲಿ ಟೀಮಿಗೆ ಆಯ್ಕೆಯಾದರೆ ತರಬೇತಿ ಕ್ಯಾಂಪು ಸಿಗುತ್ತದೆ, ಕ್ಯಾಂಪಿನಲ್ಲಿ ರೇಂಜೂ ಕಾರ್ಟ್ರಿಜ್ಜೂ ಅವರೇ ಕೊಡುತ್ತಾರೆ. ಯಾರ ಹಂಗೂ ಬೇಕಿಲ್ಲ. ಆಯ್ಕೆಯಾಗದಿದ್ದರೆ ಅವಳ ಆಟ ಅಲ್ಲಿಗೆ ಮುಗಿದ ಹಾಗೆ.

ಸ್ಪರ್ಧೆ ಬೆಂಗಳೂರಿನಲ್ಲಿ, ಎರಡು ದಿನ, ಒಟ್ಟು ನೂರಿಪ್ಪತ್ತೈದು ತಟ್ಟೆ. ನಿಶ್ಚಲ್ ಯಾರದೋ ಗನ್ ಎರವಲು ತಂದಿದ್ದ, ಅವನ ಸಾಮಾನು ನೋಡಿಕೊಳ್ಳಲು ನಾನು ಹೋಗಿದ್ದೆ. ಯಜಮಾನ್ರು ಬಂದಿರಲಿಲ್ಲ. ನನ್ನ ಕಾಲಬುಡದ ಚೀಲದಲ್ಲಿ ಕಾರ್ಟ್ರಿಜ್ ಬಾಕ್ಸುಗಳು ತುಂಬಿದ್ದವು, ಅವನಿಗೆ ಬೇಕಾದ್ದಕ್ಕಿಂತ ಹತ್ತು ಬಾಕ್ಸ್ ಹೆಚ್ಚು. ನಿಶ್ಚಲ್ ಮತ್ತು ಸುಜಾತ ಒಂದೇ ಗುಂಪಿನಲ್ಲಿ ಬಂದರು.

ಮೊದಲ ಸುತ್ತಿನಲ್ಲೇ ನನ್ನ ಕಣ್ಣಿಗೆ ಬಿತ್ತು. ಬೇರೆಯವರೆಲ್ಲ ಗನ್ನನ್ನು ಕೀಲಿನ ಹತ್ತಿರ ಮಡಚಿ ಎರಡು ಕಾರ್ಟ್ರಿಜ್ ಹಾಕುತ್ತಿದ್ದರು, ಅವಳು ಒಂದನ್ನೇ ಹಾಕುತ್ತಿದ್ದಳು. ಅವಳ ಬೆಲ್ಟಿನ ಚೀಲದಲ್ಲಿ ಸುತ್ತಿಗೆ ಒಂದು ಬಾಕ್ಸ್, ಇಪ್ಪತ್ತೈದು. ಒಟ್ಟು ಐದು ಬಾಕ್ಸ್ ಹೊಂದಿಸಿಕೊಂಡು ಬಂದಿದ್ದಾಳೆ, ತಟ್ಟೆಗೆ ಒಂದರಂತೆ. ಎಲ್ಲರಿಗೂ ಇದ್ದ ಎರಡನೇ ಗುಂಡು ಅವಳಿಗಿಲ್ಲ. ತಪ್ಪಿದರೆ ತಪ್ಪಿತು. ತಪ್ಪಿದಾಗಲೆಲ್ಲ ಖಾಲಿ ನಳಿಗೆಯಿಂದ ಆ ತಟ್ಟೆಯನ್ನು ಹಿಂಬಾಲಿಸಿ, ಅದು ನೆಲಕ್ಕೆ ಬೀಳುವವರೆಗೂ ನೋಡುತ್ತಿದ್ದಳು. ಅಷ್ಟಾದರೂ ಮೊದಲ ದಿನದ ಮೂರು ಸುತ್ತು ಮುಗಿದಾಗ ಆಯ್ಕೆಯ ಗೆರೆಗೆ ತೀರಾ ಹತ್ತಿರವಿದ್ದಳು.

ಎರಡನೇ ದಿನ ಬೆಳಿಗ್ಗೆ ನಿಶ್ಚಲ್ ನನ್ನ ಹತ್ತಿರ ಬಂದ. ಹುಡುಗನಿಗೂ ಕಂಡಿತ್ತು.

"ಅಂಕಲ್, ಅವಳಿಗೆ ಎರಡು ಬಾಕ್ಸ್ ಕೊಟ್ಟುಬಿಡಿ. ಪಪ್ಪಂಗೆ ನಾನು ಹೇಳ್ಕೋತೀನಿ."

"ಬೇಕಿದ್ರೆ ಅವಳೇ ಬಂದು ಕೇಳಲಿ" ಎಂದೆ.

ಯಜಮಾನ್ರು ನನಗೆ ಕೊಡಬೇಡ ಎಂದಿರಲಿಲ್ಲ, ಎನ್ನಲು ಅವರು ಅಲ್ಲಿರಲೇ ಇಲ್ಲ. ಅವರ ಮಗನೇ ಕೊಡಿ ಎಂದ. ಫಾರ್ಮ್ ಬರೆದಾಗ ನನಗೊಬ್ಬ ಯಜಮಾನನಿದ್ದ, ಅವನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಈ ಸಲ ಅದು ಪೂರ್ತಿ ನನ್ನದೇ ಕೆಲಸ. ನಿಶ್ಚಲ್ ಭುಜ ಕುಣಿಸಿ ಹೋದ. ನಾನು ಚೀಲದ ಜಿಪ್ ಎಳೆದು ಅದರ ಮೇಲೆ ಕಾಲಿಟ್ಟುಕೊಂಡು ಕೂತೆ. ಅವಳು ಬಂದು ಕೇಳುತ್ತಾಳೆ ಎಂದು ನಿಜವಾಗಿಯೂ ಕಾಯುತ್ತಿದ್ದೆ. ಕೇಳಿದ್ದರೆ ಕೊಡುತ್ತಿದ್ದೆ, ಎಲ್ಲರ ಮುಂದೆ, ನಿಧಾನವಾಗಿ, ಎಣಿಸಿ. ಅವಳು ಎರಡು ಸಲ ನನ್ನ ಮುಂದೆಯೇ ಹಾದುಹೋದಳು. ಕೇಳಲಿಲ್ಲ.

ಕೊನೆಯ ಸುತ್ತಿನ ಹೊತ್ತಿಗೆ ಭಾರದ ಮೂತಿಗೆ ಅವಳ ಎಡತೋಳು ಸೋತುಹೋಗಿತ್ತು. ಆ ಸುತ್ತಿನಲ್ಲಿ ಏಳು ತಪ್ಪಿದವು. ಒಟ್ಟು ನೂರಾ ಒಂದು. ಟೀಮಿಗೆ ಬೇಕಿದ್ದದ್ದು ನೂರಾ ನಾಲ್ಕು. ಮೂರೇ ಮೂರು ಎರಡನೇ ಗುಂಡು. ನನ್ನ ಕಾಲಡಿ ಇನ್ನೂರೈವತ್ತು ಇದ್ದವು.

ಗನ್ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೋಗುವಾಗ ಅವಳು ನನ್ನ ಕುರ್ಚಿಯ ಮುಂದೆ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮರ ಚೆನ್ನಾಗಿ ಕುಯ್ದಿದ್ರಿ ಸರ್. ಭುಜಕ್ಕೆ ಒಂಚೂರೂ ನೋವಾಗ್ಲಿಲ್ಲ" ಎಂದಳು. ಹೇಳಿ ಹೋದಳು.

ಈಗ ಅವಳು ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಎಂದು ಕೇಳಿದ್ದೇನೆ. ಗನ್ ಅದೇ ಡೀಲರ್ ಹತ್ತಿರ ಬೀರುವಿನಲ್ಲಿದೆ. ಇಷ್ಟು ವರ್ಷ ಮಾರಬಾರದು ಎಂದು ನಿರ್ಬಂಧ, ಮಾರಿದರೂ ಆ ಗಿಡ್ಡ ಸ್ಟಾಕು ಇನ್ನೊಬ್ಬರಿಗೆ ಹೊಂದುವುದಿಲ್ಲ. ನಾನು ಮರುವರ್ಷ ರೇಂಜ್ ಬಿಟ್ಟೆ. ಪಶ್ಚಾತ್ತಾಪದಿಂದ ಅಲ್ಲ, ನಿಶ್ಚಲ್ ಆಟ ಬಿಟ್ಟ, ಯಜಮಾನ್ರು ರೇಂಜು ಮುಚ್ಚಿದರು.

ಈಗಲೂ ಜನ ಮನೆಗೆ ಬಂದು, ಎರಡು ಗನ್ನುಗಳ ಹೆಸರು ಹೇಳಿ, ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಗನ್ ಯಾವುದಾದರೂ ಆಗಲಿ, ಯಾರಿಗೆ ಎಂಬುದನ್ನು ಮೊದಲು ನಿಜ ಹೇಳಿ ಎನ್ನುತ್ತೇನೆ. ಅಳತೆ ಬರೆದ ಮೇಲೆ ಕಾಗದವನ್ನು ಅವರ ಕೈಗೇ ಕೊಟ್ಟು ಜೋರಾಗಿ ಓದಿಸಿ ಸಹಿ ಹಾಕಿಸಿಕೊಳ್ಳುತ್ತೇನೆ. ರಾಜಣ್ಣ ತುಂಬಾ ಕಟ್ಟುನಿಟ್ಟು ಎಂದು ಹೊಗಳುತ್ತಾರೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಮೊದಲ ತಪ್ಪನ್ನು ಮಾಡಿಸಲು ಒಬ್ಬ ಯಜಮಾನ ಬೇಕಾಗಬಹುದು, ಎರಡನೆಯದನ್ನು ಮನುಷ್ಯ ತಾನೇ ಖುಷಿಯಿಂದ ಮಾಡುತ್ತಾನೆ. ಅವಳಿಗೆ ತಟ್ಟೆಗೆ ಒಂದೇ ಗುಂಡಿತ್ತು. ನನಗೆ ಎರಡಿದ್ದವು, ಎರಡನ್ನೂ ಅವಳ ಮೇಲೇ ಹಾರಿಸಿದೆ.